ಮೀನಿನ ತೊಟ್ಟಿಯ ನೀರು ನೆಲ ಸೇರದಿರಲಿ

ಮೀನಿನ ತೊಟ್ಟಿಯ ನೀರು ಬದಲಿಸುತ್ತಿರುವಾಗ ಫೋನ್ ಬಂದರೆ ಎತ್ತಬೇಡಿ. ಮೂವತ್ತು ವರ್ಷ ಮೀನು ಸಾಕಿದ ನಾನು ಹೊಸಬರಿಗೆ ಮೊದಲು ಹೇಳುವ ಮಾತು ಇದು. ಗಾಜು ಸೀಳಿ ನೀರು ಸುರಿದದ್ದನ್ನು ನಾನು ಕಂಡಿದ್ದು ಒಂದೇ ಸಲ. ಬಕೆಟ್ ತುಂಬಿ ಹರಿದದ್ದನ್ನು ಮಾತ್ರ ಹಲವು ಮನೆಗಳಲ್ಲಿ ಕಂಡಿದ್ದೇನೆ, ನನ್ನ ಮನೆಯಲ್ಲೂ ಕಂಡಿದ್ದೇನೆ.

ತೊಟ್ಟಿಯ ನೀರನ್ನು ಕೆಳಗಿನ ಬಕೆಟ್ಟಿಗೆ ಇಳಿಸುವ ಸೈಫನ್ ಪೈಪು ಒಮ್ಮೆ ನೀರು ಎಳೆಯಲು ಆರಂಭಿಸಿತೆಂದರೆ ನೀವು ತಡೆಯುವವರೆಗೂ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಪೈಪಿನ ಕೆಳತುದಿಯನ್ನು ಬಟ್ಟೆಯ ಕ್ಲಿಪ್ಪಿನಿಂದ ಬಕೆಟ್ಟಿನ ಅಂಚಿಗೆ ಕಚ್ಚಿಸಿ. ಇಲ್ಲದಿದ್ದರೆ ಹರಿವಿನ ರಭಸಕ್ಕೆ ಅದು ಹಾವಿನಂತೆ ಹೊರಳಿ ನೆಲಕ್ಕೆ ಬೀಳುತ್ತದೆ. ಎಷ್ಟು ನೀರು ತೆಗೆಯಬೇಕೆಂಬುದಕ್ಕೆ ಗಾಜಿನ ಹೊರಗೆ ಒಂದು ಚೂರು ಟೇಪು ಅಂಟಿಸಿಟ್ಟುಕೊಳ್ಳಿ. ಬಕೆಟ್ಟನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಬೇಡಿ. ಒಂದು ಸುತ್ತು ಹೆಚ್ಚಿಗೆ ನಡೆದರೂ ಪರವಾಗಿಲ್ಲ, ದಾರಿಯುದ್ದಕ್ಕೂ ತುಳುಕಿದ್ದನ್ನು ಒರೆಸುವುದಕ್ಕಿಂತ ಅದೇ ಸುಲಭ. ಹೊಸ ನೀರು ತುಂಬುವಾಗ ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರಬಾರದು. ಪಂಪು ನಿಂತ ಕ್ಷಣ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹೊರಟುಬಿಡುತ್ತದೆ. ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಹಿಡಿದು ಸುರಿಯಿರಿ.

ಇದೇ ಹಿಮ್ಮುಖ ಹರಿವು ಏರ್ ಪಂಪಿನಲ್ಲೂ ಕಾಡುತ್ತದೆ. ಪಂಪನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಡುವವರೇ ಹೆಚ್ಚು. ರಾತ್ರಿ ಕರೆಂಟು ಹೋಗಿ ಗಾಳಿ ನಿಂತಾಗ ಸಣ್ಣ ಕೊಳವೆಯೊಳಗೆ ನೀರು ಏರಿ ಪಂಪಿನ ಮೂಲಕ ನೆಲಕ್ಕೆ ಇಳಿಯಬಹುದು. ಬೆಳಿಗ್ಗೆ ಎದ್ದವರಿಗೆ ತೊಟ್ಟಿ ಸೋರಿದೆ ಎಂದೇ ಅನಿಸುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಆಗದಿದ್ದರೆ ಕೊಳವೆಗೆ ಚೆಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ಹರಿಯಬಿಡುವ ಕವಾಟ, ಜೋಡಿಸಿ. ಬೆರಳುದ್ದದ ಪುಟ್ಟ ವಸ್ತು ಅದು, ಆದರೆ ದಿಕ್ಕು ತಪ್ಪಿಸಿ ಹಾಕಿದರೆ ಗಾಳಿಯೇ ಬರುವುದಿಲ್ಲ. ಜೋಡಿಸುವ ಮೊದಲು ಬಾಯಿಂದ ಊದಿ ನೋಡಿ: ತೊಟ್ಟಿಯ ಕಡೆಗೆ ಗಾಳಿ ಹೋಗಬೇಕು, ಮರಳಿ ಬರಬಾರದು.

ವೈರುಗಳ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಜೋತು, ಅಲ್ಲಿಂದ ಮೇಲಕ್ಕೆ ತಿರುಗಿ ಪ್ಲಗ್ಗಿಗೆ ಸೇರಬೇಕು. ಆಗ ವೈರಿನ ಮೇಲೆ ಜಾರಿದ ಹನಿ ಆ ಬಾಗಿನಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟನ್ನು ಮುಟ್ಟುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಬೇಡವೇ ಬೇಡ, ಗೋಡೆಗೆ ಎತ್ತರದಲ್ಲಿ ಬಿಗಿಸಿ.

ತೊಟ್ಟಿ ಇಡುವ ಜಾಗವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರಿನ ತೂಕವೇ 54 ಕಿಲೋ. ಗಾಜು, ಕಲ್ಲು, ಮರಳು ಬೇರೆ. ಸ್ಟ್ಯಾಂಡು ಓರೆಯಾಗಿದ್ದರೆ ಭಾರ ಒಂದೇ ಕಡೆಗೆ ಬಿದ್ದು ಗಾಜುಗಳನ್ನು ಅಂಟಿಸಿದ ಸಿಲಿಕೋನ್ ಬೆಸುಗೆ ವರ್ಷಗಳ ನಂತರ ಬಿಡಬಹುದು. ಮಟ್ಟ ನೋಡಲು ಉಪಕರಣವೇ ಬೇಕೆಂದಿಲ್ಲ. ಅರ್ಧ ನೀರು ತುಂಬಿ, ನಾಲ್ಕೂ ಮೂಲೆಗಳಲ್ಲಿ ನೀರಿನ ಗೆರೆಯಿಂದ ಅಂಚಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ. ವ್ಯತ್ಯಾಸ ಕಂಡರೆ ನೀರು ತೆಗೆದು ಸರಿಪಡಿಸಿ, ತುಂಬಿದ ತೊಟ್ಟಿಯನ್ನು ತಳ್ಳಲು ಹೋಗಬೇಡಿ. ಕೊನೆಯಲ್ಲಿ ತುಂಬಿಸುವಾಗಲೂ ಅಂಚಿನಿಂದ ಮೂರು ನಾಲ್ಕು ಸೆಂಟಿಮೀಟರ್ ಖಾಲಿ ಬಿಡಿ, ಮೇಲೆ ಮುಚ್ಚಳವಿರಲಿ.

ಇಷ್ಟಾದರೂ ನೀರು ಚೆಲ್ಲಿತೆನ್ನಿ. ಕೈ ಮೊದಲು ಒರೆಸುವ ಬಟ್ಟೆಗಲ್ಲ, ಮೇನ್ ಸ್ವಿಚ್ಚಿಗೆ ಹೋಗಬೇಕು. ಒದ್ದೆಯಾದ ಪ್ಲಗ್ಗನ್ನು, ನೀರಿನಲ್ಲಿ ಬಿದ್ದ ಬೋರ್ಡನ್ನು ಮುಟ್ಟಲೇಬೇಡಿ. ಮೇನ್ ಸ್ವಿಚ್ಚಿನ ದಾರಿಯೇ ನೀರಿನಲ್ಲಿದ್ದರೆ ಎಲ್ಲರನ್ನೂ ದೂರವಿರಿಸಿ ಬಲ್ಲವರನ್ನು ಕರೆಯಿರಿ. ಕರೆಂಟು ಕಡಿದ ಮೇಲೆ ನೀರು ಎಲ್ಲಿಂದ ಬರುತ್ತಿದೆ ನೋಡಿ. ಸೋರಿಕೆ ಇದ್ದರೆ ತೊಟ್ಟಿಯ ನೀರನ್ನೇ ಸೋಪು ತಗುಲದ ಬಕೆಟ್ಟಿಗೆ ತುಂಬಿ ಮೀನುಗಳನ್ನು ಅದಕ್ಕೆ ಬಿಡಿ, ಉಳಿದ ನೀರನ್ನು ಸೋರುವ ಜಾಗಕ್ಕಿಂತ ಕೆಳಗೆ ಇಳಿಸಿ. ನೀರಿನ ಹೀಟರ್ ಇದ್ದರೆ ಅದನ್ನು ಆರಿಸಿ ಅರ್ಧ ಗಂಟೆಯ ತನಕ ನೀರಿನಿಂದ ಹೊರಗೆ ತೆಗೆಯಬೇಡಿ, ಬಿಸಿ ಗಾಜು ಗಾಳಿಗೆ ಸಿಕ್ಕರೆ ಒಡೆಯಬಹುದು.

ನೀರು ಹರಡುವ ದಿಕ್ಕಿಗೆ ಅಡ್ಡವಾಗಿ ಹಳೆಯ ಟವೆಲ್ಲುಗಳನ್ನು ಸುರುಳಿ ಮಾಡಿ ಕಟ್ಟೆ ಹಾಕಿ, ಆಮೇಲೆ ಅಂಚಿನಿಂದ ಒಳಕ್ಕೆ ಒರೆಸುತ್ತಾ ಬನ್ನಿ. ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಅದು ನೀರಿಗಾಗಿ ಮಾಡಿದ್ದಲ್ಲ. ಜಮಖಾನೆಯಿದ್ದರೆ ಮೇಲೆ ಒತ್ತುತ್ತಾ ಕೂರದೆ ಎತ್ತಿ ಒಣಹಾಕಿ, ಅಡಿಯಲ್ಲಿ ನಿಂತ ತೇವವೇ ನಾತಕ್ಕೆ ಮೂಲ. ಮರದ ನೆಲ, ಮರದ ಕಪಾಟು ಇದ್ದರೆ ಒಂದು ನಿಮಿಷವೂ ತಡಮಾಡಬೇಡಿ. ಸಂದುಗಳಿಗೆ ಫ್ಯಾನಿನ ಗಾಳಿ ತಾಗಲಿ. ಒಂದೆರಡು ದಿನ ತೇವ ಉಳಿದರೂ ಬೂಷ್ಟು ಹಿಡಿಯಲು ಆರಂಭವಾಗುತ್ತದೆ. ಈ ನೀರಿನಲ್ಲಿ ಮೀನಿನ ಹಿಕ್ಕೆ, ಆಹಾರದ ಚೂರು ಇರುವುದರಿಂದ ಒಣಬಟ್ಟೆ ಸಾಲದು, ಶುದ್ಧ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ನಾತ ಉಳಿದರೆ ನೀರು ಬೆರೆಸಿದ ವಿನಿಗರ್ ಆಗುತ್ತದೆ, ಆದರೆ ಅಮೃತಶಿಲೆಯ ಮೇಲೆ ಹಾಕಿದರೆ ಹೊಳಪು ಹೋಗುತ್ತದೆ. ಉಪ್ಪುನೀರಿನ ತೊಟ್ಟಿಯಾದರೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ಒರೆಸಿ, ಇಲ್ಲವಾದರೆ ಬಿಳಿ ಕಲೆ ನಿಂತು ಕಬ್ಬಿಣದ ಕಾಲುಗಳು ತುಕ್ಕು ಹಿಡಿಯುತ್ತವೆ.

ಎಲ್ಲಿ ಸೋರುತ್ತಿದೆ ಎಂದು ತಿಳಿಯದಿದ್ದರೆ ಹೊರಗೋಡೆಯನ್ನು ಪೂರ್ತಿ ಒರೆಸಿ, ಸುತ್ತಲೂ ಒಣ ದಿನಪತ್ರಿಕೆ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆ ನೆನೆದ ಜಾಗದ ಮೇಲಿನ ಮೂಲೆಯನ್ನು, ಪೈಪಿನ ಜೋಡಣೆಯನ್ನು ಬೆರಳಿಂದ ಸವರಿ ನೋಡಿ. ಗಾಜಿನ ಮೇಲೆಲ್ಲಾ ಸಮನಾಗಿ ತೇವ ಕೂತಿದ್ದರೆ ಅದು ಗಾಳಿಯ ಇಬ್ಬನಿ. ಒಂದೇ ಗೆರೆಯಾಗಿ ಇಳಿದಿದ್ದರೆ ಬೆಸುಗೆಯನ್ನು ಸರಿಪಡಿಸುವ ಕೆಲಸ ಅಂದೇ ಆಗಬೇಕು.