ಐವತ್ತು ಚೀಟಿಗೊಂದು ಕಟ್ಟು: 17ಎ ತಾಳೆಯಾಗಿದ್ದು ಹೀಗೆ

ಪಿಆರ್‌ಓ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಡ್ಯೂಟಿ ಮಾಡಿದವರಿಗೆ ಗೊತ್ತು, ಸಂಜೆ 6ಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಮತದಾರರು ಸಹಿ ಹಾಕುವ 17ಎ ರಿಜಿಸ್ಟರಿನ ಲೆಕ್ಕ ಮತ್ತು ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಟೋಟಲ್ ತಾಳೆಯಾದರೇನೇ 17ಸಿ, ಅಂದರೆ ಚಲಾವಣೆಯಾದ ಓಟುಗಳ ಲೆಕ್ಕದ ನಮೂನೆ, ತುಂಬಲು ಧೈರ್ಯ. ಒಂದು ಓಟು ಆಚೀಚೆ ಆದರೆ ಎಂಟುನೂರು ಸಹಿಗಳನ್ನು ಮತ್ತೆ ಮೊದಲಿನಿಂದ ಎಣಿಸಬೇಕು. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿರುತ್ತಾನೆ.

ಹಿಂದಿನ ಚುನಾವಣೆಗಳಲ್ಲಿ ಏನೇನೋ ಮಾಡಿ ನೋಡಿದೆ. 17ಎ ಪುಟ ಮುಗಿದಾಗಲೆಲ್ಲ ಟೋಟಲ್ ನೋಡುವುದು: ಬೆಳಿಗ್ಗೆ ನಡೆಯಿತು, ರಶ್ ಶುರುವಾದ ಮೇಲೆ ಯಾರಿಗೂ ನೆನಪಿರಲಿಲ್ಲ. ರಾಯಚೂರಿನಲ್ಲಿ ಇನ್ನೂರೈವತ್ತು ಕೊಟ್ಟು ಕೈಯಲ್ಲಿ ಒತ್ತುವ ಕೌಂಟರ್ ತಂದೆ. ಕಂಟ್ರೋಲ್ ಯೂನಿಟ್ ನೋಡಿಕೊಳ್ಳುವ ನಮ್ಮ ಮೂರನೇ ಅಧಿಕಾರಿ ಒಂದು ಓಟಿಗೆ ಎರಡು ಸಲ ಒತ್ತಿದರು. ದುಡ್ಡು ದಂಡ. ಈಗ ಅದು ಅಮ್ಮನ ಜಪಕ್ಕೆ ಬಳಕೆಯಾಗುತ್ತಿದೆ.

ಕೊನೆಗೆ ಕೈಹಿಡಿದಿದ್ದು ನಾವು ದಿನವಿಡೀ ಹರಿದು ಕೊಡುವ ವೋಟರ್ ಸ್ಲಿಪ್. ಅದರ ಮೇಲೆ 17ಎ ಕ್ರಮಸಂಖ್ಯೆ ಇದ್ದೇ ಇರುತ್ತದೆ. ಎಲ್ಲರೂ ಅದನ್ನು ಡಬ್ಬಕ್ಕೆ ಹಾಕಿ ಸಂಜೆ ಕವರಿಗೆ ತುರುಕುತ್ತಾರೆ. ನಾನು ಕಿರಾಣಿ ಅಂಗಡಿಯಲ್ಲಿ ಬಿಲ್ಲು ಚುಚ್ಚುತ್ತಾರಲ್ಲ, ಆ ತಂತಿ ತಂದಿಟ್ಟೆ. ಮೂರನೇ ಅಧಿಕಾರಿ ಸ್ಲಿಪ್ ಚುಚ್ಚಿ ಆಮೇಲೆ ಒಂದು ಓಟಿಗೆ ಯಂತ್ರ ಸಿದ್ಧ ಮಾಡುವ ಬ್ಯಾಲೆಟ್ ಬಟನ್ ಒತ್ತಬೇಕು. ಐವತ್ತಾದ ಕೂಡಲೇ ದಾರ ಕಟ್ಟು, ಓಟು ಬಿದ್ದು ಕಂಟ್ರೋಲ್ ಯೂನಿಟ್ಟಿನ ಬಿಜಿ (Busy) ಲೈಟ್ ಆರಿದ ಮೇಲೆ ಟೋಟಲ್ ನೋಡು. ಸಹಿ ಮಾಡಿ, ಶಾಯಿ ಹಚ್ಚಿಸಿಕೊಂಡು, ಇನ್ನೂ ಓಟು ಹಾಕದೆ ನಡುವೆ ನಿಂತ ಒಬ್ಬಿಬ್ಬರನ್ನು 17ಎ ಲೆಕ್ಕದಿಂದ ಕಳೆಯಬೇಕು. ವ್ಯತ್ಯಾಸ ಬಂದರೆ ಐವತ್ತರಲ್ಲೇ ಹುಡುಕಿದರೆ ಸಾಕು. "ಸಾರ್, ಕ್ಯೂ ಬೆಳೆದರೆ ಏಜೆಂಟರು ಜಗಳಕ್ಕೆ ಬರ್ತಾರೆ" ಅಂತ ಎಪಿಆರ್‌ಓ (ನನ್ನ ಸಹಾಯಕ ಅಧಿಕಾರಿ) ತಲೆ ಅಲ್ಲಾಡಿಸಿದರು.

2024ರ ಮೇ 7. ಸಿಂಧನೂರು ತಾಲೂಕಿನ ಒಂದು ಶಾಲೆ. ಜಿಲ್ಲೆ ರಾಯಚೂರು, ಓಟು ಕೊಪ್ಪಳ ಲೋಕಸಭೆಗೆ. ನಲವತ್ತು ದಾಟಿದ ಬಿಸಿಲು. ಅಣಕು ಮತದಾನದ 50 ಓಟು ಹಾಕಿ, ಕ್ಲೋಸ್, ರಿಸಲ್ಟ್, ಕ್ಲಿಯರ್ ಮಾಡಿ, ವಿವಿಪ್ಯಾಟಿನ (ಹಾಕಿದ ಓಟನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಚೀಟಿಗಳನ್ನು ಕಪ್ಪು ಕವರಿಗೆ ಹಾಕಿ ಸೀಲ್ ಮಾಡಿದ್ದಾಯಿತು. ವಿವಿಪ್ಯಾಟಿನ ಮೇಲೆ ನೇರ ಬೆಳಕು ಬೀಳಬಾರದು ಅಲ್ವಾ, ಕಿಟಕಿಗೆ ಬಿಸ್ಕತ್ ಡಬ್ಬದ ರಟ್ಟು ಕಟ್ಟಿದೆ. ಜೊತೆಗೆ ಒದ್ದೆ ಗೋಣಿಚೀಲವನ್ನೂ ಇಳಿಬಿಟ್ಟೆ. ಒಂದು ತಾಸು ತಂಪಿತ್ತು, ಆಮೇಲೆ ಸೆಕೆ ಜಾಸ್ತಿಯಾಗಿ ಗೋಣಿಚೀಲ ತೆಗೆದು ಬಿಸಾಕಿದೆ.

ಆರನೆಯದೋ ಏಳನೆಯದೋ ಕಟ್ಟು ಕಟ್ಟುವಾಗ ನಡುವಿನ ಒಂದು ನಂಬರ್ ಸ್ಲಿಪ್ ಇಲ್ಲ! ಮಷಿನ್ನಿನಲ್ಲೂ ಒಂದು ಕಡಿಮೆ. 17ಎ ನೋಡಿದರೆ ಅಲ್ಲಿ ಹೆಬ್ಬೆಟ್ಟಿದೆ. ಹೊರಗೆ ಹೋಗಿ ನೋಡಿದರೆ ಅಜ್ಜಿಯೊಬ್ಬರು ಬೇವಿನ ಮರದ ಕೆಳಗೆ ಕೂತಿದ್ದಾರೆ. ಸ್ಲಿಪ್ಪು ಎಲೆಯಡಿಕೆ ಚೀಲದಲ್ಲಿ ಭದ್ರವಾಗಿದೆ. ಹೆಬ್ಬೆಟ್ಟು ಒತ್ತಿದ ಮೇಲೆ ಓಟು ಮುಗಿಯಿತು ಅಂದುಕೊಂಡಿದ್ದರು. ಕರೆತಂದು ಓಟು ಹಾಕಿಸಿದೆವು. ಸರದಿ ತಪ್ಪಿದ್ದರಿಂದ ಎಷ್ಟನೆಯವರಾಗಿ ಹಾಕಿದರು ಅಂತ 17ಎ ಷರಾ ಕಾಲಂನಲ್ಲಿ ಬರೆದೆ. ಅದು ಸಂಜೆಗೆ ಗೊತ್ತಾಗಿದ್ದರೆ ಅಜ್ಜಿಯೂ ಇಲ್ಲ, ಓಟೂ ಇಲ್ಲ.

ಒಂಬೈನೂರರ ಹತ್ತಿರ ಮತದಾನ. ಟೋಟಲ್ ಒಂದೇ ಏಟಿಗೆ ತಾಳೆಯಾಯಿತು. ಕಾರ್ಬನ್ ಇಟ್ಟು 17ಸಿ ಬರೆದು ಏಳರೊಳಗೆ ಏಜೆಂಟರ ಕೈಗೆ ಪ್ರತಿ ಕೊಟ್ಟೆ. ಅವರ ಸಹಿಗಳನ್ನು ಅಷ್ಟು ಬೇಗ ಹೇಗೆ ಪಡೆದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ! ಮತಯಂತ್ರ, ಕಾಗದಪತ್ರ ವಾಪಸ್ ಒಪ್ಪಿಸುವ ಡಿಮಸ್ಟರಿಂಗಿನಲ್ಲಿ ನಮ್ಮ ಸೆಕ್ಟರಿನಿಂದ ಮೊದಲು ಬಂದ ಬಸ್ಸು ನಮ್ಮದು. ತಂತಿ, ದಾರ, ಕಾರ್ಬನ್ ಎಲ್ಲ ಸೇರಿ ಮುನ್ನೂರರೊಳಗೆ ಮುಗಿಯಿತು, ಅದೂ ಭತ್ಯೆಯಿಂದಲೇ.

ಹೆಂಗಸರ ಸ್ಲಿಪ್ಪಿನ ಮೂಲೆ ಮಡಚಿ ಚುಚ್ಚುವುದನ್ನೂ ನೋಡಿದೆ. ಎರಡು ತಾಸಿಗೊಮ್ಮೆ ಗಂಡು, ಹೆಣ್ಣು ಲೆಕ್ಕ ಕೇಳುತ್ತಾರಲ್ಲ, ಅದಕ್ಕೆ. ಮಧ್ಯಾಹ್ನದವರೆಗೆ ಚೆನ್ನಾಗಿ ನಡೆಯಿತು. ಊಟಕ್ಕೆ ಎದ್ದಾಗ ಕೂತ ಇನ್ನೊಬ್ಬರು ಎಲ್ಲರ ಮೂಲೆಯನ್ನೂ ಮಡಚಿಟ್ಟಿದ್ದರು.