ಸಂಕ್ರಾಂತಿಗೆ ಊರಿಗೆ ಬರುವವರಿಗೆ: ಮಂಜಿನಲ್ಲಿ ಸಿಲುಕಿದರೆ

ಹಬ್ಬಕ್ಕೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಕಡೆಗೆ ನಸುಕಿನಲ್ಲೇ ಹೊರಡುವವರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದೇವನಹಳ್ಳಿ ದಾಟಿ ಬರುತ್ತಿದ್ದಂತೆ ದಟ್ಟ ಮಂಜು ಕವಿಯಿತು. ಮುಂದಿದ್ದ ಲಾರಿಯ ಹಿಂದಿನ ದೀಪ ಕುಂಕುಮದ ಬೊಟ್ಟಿನಷ್ಟೇ ಕಾಣುತ್ತಿತ್ತು.

ಆಗ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ; ಲೋ ಬೀಮ್ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಲೇಬೇಡಿ. ಹಿಂದಿನಿಂದ ಬರುವ ಲಾರಿಯವರಿಗೆ ನೀವು ಕಾಣುವುದಿಲ್ಲ. ನಿಧಾನವಾಗಿ ಸಾಗಿ, ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಆವರಣಕ್ಕೆ ತಿರುಗಿಸಿ. ನಾವು ಹಾಗೆಯೇ ಒಂದು ಬಂಕಿನಲ್ಲಿ ಎರಡು ಗಂಟೆ ಕಾದೆವು. ಬಿಸಿಲೇರಿ ನೆಲ ಬೆಚ್ಚಗಾದಂತೆ ಮಂಜು ತಾನಾಗಿಯೇ ಕರಗಿತು.

ಸ್ವೆಟರ್, ಫ್ಲಾಸ್ಕಿನಲ್ಲಿ ಬಿಸಿನೀರು, ಹಿರಿಯರ ಮಾತ್ರೆಗಳು ಕೈಗೆ ಸಿಗುವಂತಿರಲಿ. ಅತ್ತೆಯವರ ಶಾಲು ಡಿಕ್ಕಿಯಲ್ಲಿ ಕಬ್ಬಿನ ಕಟ್ಟಿನಡಿ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ತೆಗೆಯುವವರೆಗೂ ಅವರು ನಡುಗುತ್ತಿದ್ದುದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ, ಅಪಘಾತವಾದರೆ 112ಕ್ಕೆ ಕರೆ ಮಾಡಿ. ಸಾಧ್ಯವಾದರೆ ಬಿಸಿಲು ಬಿದ್ದ ಮೇಲೆಯೇ ಹೊರಡಿ. ಎಳ್ಳು ಬೀರುವುದು ಹೇಗಿದ್ದರೂ ಸಂಜೆಗೆ.