ಒರಟು ನೆಲದ ಫೋರ್ಕ್‌ಲಿಫ್ಟ್: ಸರಿಯಾದ ಸ್ಟಿಯರಿಂಗ್ ವಿಧಾನವನ್ನು ಆರಿಸುವ ಬಗೆ

ಕಟ್ಟಡ ಕಾಮಗಾರಿಗಳಲ್ಲಿ ಬಳಸುವ, ಉದ್ದಕ್ಕೆ ಚಾಚುವ ತೋಳಿನಿಂದ ಹೊರೆ ಎತ್ತುವ ಒರಟು ನೆಲದ ಫೋರ್ಕ್‌ಲಿಫ್ಟ್‌ಗಳಾದ ಟೆಲಿಹ್ಯಾಂಡ್ಲರ್‌ಗಳಲ್ಲಿ ಸಾಮಾನ್ಯವಾಗಿ 3 ಬಗೆಯ ಸ್ಟಿಯರಿಂಗ್ ಇರುತ್ತದೆ. ರಸ್ತೆಯಲ್ಲಿ ಸಾಗುವಾಗ ಮುಂದಿನ ಚಕ್ರಗಳು ಮಾತ್ರ ತಿರುಗುವ ವಿಧಾನವನ್ನೇ ಬಳಸಬೇಕು. ಇಕ್ಕಟ್ಟಾದ ಜಾಗದಲ್ಲಿ, ಹಿಂದಿನ ಚಕ್ರಗಳು ಮುಂದಿನವುಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ವಿಧಾನವು ತಿರುವನ್ನು ಕಿರಿದಾಗಿಸುತ್ತದೆ. ಆದರೆ ಆಗ ಹಿಂಭಾಗವು ಹೊರಕ್ಕೆ ಚಾಚಿಕೊಳ್ಳುವುದರಿಂದ, ಅಲ್ಲಿ ಯಾರೂ ನಿಂತಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಗೋಡೆಯ ಬದಿಗೆ ಓರೆಯಾಗಿ ಸರಿಯಬೇಕಾದರೆ, ನಾಲ್ಕೂ ಚಕ್ರಗಳು ಒಂದೇ ದಿಕ್ಕಿಗೆ ಹೊರಳುವ ಕ್ರ್ಯಾಬ್ ಸ್ಟಿಯರಿಂಗ್ ಅನುಕೂಲಕರ. ವಿಧಾನವನ್ನು ಬದಲಿಸುವ ಮುನ್ನ ಯಂತ್ರವನ್ನು ನಿಲ್ಲಿಸಿ, ಚಕ್ರಗಳನ್ನು ನೇರಗೊಳಿಸಬೇಕು.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು, ಕೆಲವು ಯಂತ್ರಗಳಲ್ಲಿರುವ ಚೌಕಟ್ಟನ್ನು ಸಮತಲಗೊಳಿಸುವ ಸೌಲಭ್ಯ. ನೆಲವು ಪಕ್ಕಕ್ಕೆ ವಾಲಿದ್ದರೆ ಬೂಮ್ (ಹೊರೆ ಎತ್ತುವ ತೋಳು) ಕೆಳಗಿರುವಾಗಲೇ ಅದನ್ನು ಬಳಸಬೇಕು. ಹೊರೆಯನ್ನು ಎತ್ತಿದ ಮೇಲೆ ಚೌಕಟ್ಟನ್ನು ವಾಲಿಸಿದರೆ ಯಂತ್ರವೇ ಉರುಳಬಹುದು.